ಮೀನುಗಳಿಗಾಗಿ ಮೂರು ಗಡಿಗೆ

ಗಾಜಿನ ತೊಟ್ಟಿಯಲ್ಲಿ ಹದಿನಾಲ್ಕು ಕೊಡ ನೀರು ಹಿಡಿಯುತ್ತದೆ ಎಂದು ಗಂಗಾಧರಪ್ಪ ಮೊದಲೇ ಲೆಕ್ಕ ಹಾಕಿದ್ದರು. ಆ ನೀರು ನಾಲ್ಕೇ ದಿನದಲ್ಲಿ ನಾರುತ್ತದೆ ಎಂಬುದು ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ೧೯೫೮ರ ಬೇಸಿಗೆ ರಜದಲ್ಲಿ ಕಮ್ಮಾರನಿಂದ ಚೌಕಟ್ಟು ಮಾಡಿಸಿ, ಶಿವಮೊಗ್ಗದಿಂದ ಬಸ್ಸಿನಲ್ಲಿ ಗಾಜು ತಂದು (ಒಂದು ಹಾಳೆ ಒಡೆಯಿತು, ಅದನ್ನು ಬಿಡೋಣ), ಪಡಸಾಲೆಯಲ್ಲಿ ನಾಲ್ಕಡಿ ಉದ್ದದ ತೊಟ್ಟಿ ನಿಲ್ಲಿಸಿದ್ದರು. ಕೆರೆಯಲ್ಲಿ ಬಲೆ ಬೀಸುವ ಸಣ್ಣಪ್ಪನ ಬಳಿ ಹನ್ನೊಂದು ಮೀನು ಕೇಳಿದಾಗ ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಯಾರಿಗೂ ಹೇಳಾದಿಲ್ಲ ಬಿಡ್ರಿ ಮೇಷ್ಟ್ರೇ" ಎಂದಿದ್ದ. ಲಿಂಗವಂತರ ಮನೆಗೆ ಮೀನು ಹೋಗುವುದಕ್ಕೆ ಬೇರೆ ಕಾರಣ ಅವನಿಗೆ ಹೊಳೆದಿರಲಿಲ್ಲ.

"ನೋಡಾಕೆ ಅಂದ್ರೆ ಕೆರೆ ಏರಿ ಮೇಲೆ ನಿಂತು ನೋಡಬಹುದಲ್ರೀ," ಎಂದರು ಹೆಂಡತಿ ಬಂಗಾರಮ್ಮ, ಮೂಗಿಗೆ ಸೆರಗು ಹಿಡಿದು. "ಬರೋ ಸೋಮವಾರ ಸೊರಬದಿಂದ ಅಪ್ಪಾಜಿ ಬರ್ತಾರೆ. ಅವರು ಇರಲಿ ಅಂದ್ರೆ ಇರಲಿ. ಬ್ಯಾಡ ಅಂದ್ರೆ ಆವತ್ತೇ ಕೆರೆಗೆ."

ಅಪ್ಪಾಜಿ ಎಂದರೆ ಮಲ್ಲಿಕಾರ್ಜುನಪ್ಪ. ಲಿಂಗಪೂಜೆಯಾಗದೆ ತುತ್ತು ಎತ್ತದವರು. ಹೀಗೆ ಹನ್ನೊಂದು ಮೀನುಗಳ ಹಣೆಬರಹ ಮಾವನವರ ಮೂಗಿನ ಮೇಲೆ ಬಂದು ಕೂತಿತು.

ಉಳಿದದ್ದು ಎಂಟು ದಿನ. ಗಂಗಾಧರಪ್ಪ ನೀರು ಶುದ್ಧಿಯ ವಿಧಾನಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದಿನಾ ಅರ್ಧ ನೀರು ಬದಲಿಸುವುದು ಸುಲಭವೇ. "ಬಾವಿಯಿಂದ ಏಳು ಕೊಡ ಹೊರೋರ್ಯಾರು?" ಎಂದು ಬಂಗಾರಮ್ಮ ಕೇಳಿದ್ದರಿಂದ ಅದು ಅಲ್ಲಿಗೇ ಬಿತ್ತು. ಪಟಿಕ ತಿಕ್ಕಿದರೆ ಕೆಸರೇನೋ ತಳಕ್ಕೆ ಕೂರುತ್ತಿತ್ತು, ಆದರೆ ಶಾಲೆಯಿಂದ ತಂದ ಲಿಟ್ಮಸ್ ಕಾಗದ ಕೆಂಪಾಯಿತು. ಹುಳಿ ನೀರಿನಲ್ಲಿ ಮೀನನ್ನು ಬಿಡಲು ಮನಸ್ಸು ಬರಲಿಲ್ಲ. ಕೊನೆಗೆ ಗೆದ್ದದ್ದು ಮೂರು ಗಡಿಗೆ. ಮೇಲಿನದರಲ್ಲಿ ಇದ್ದಿಲು, ನಡುವಿನದರಲ್ಲಿ ಏಳು ಸಲ ತೊಳೆದ ಮರಳು, ಕೆಳಗಿನದರಲ್ಲಿ ಸೋಸಿದ ನೀರು. ಒಳಗೆ ಜಾಗ ಕೊಡಲು ಬಂಗಾರಮ್ಮ ಒಪ್ಪದ್ದರಿಂದ ಗಡಿಗೆಗಳು ಜಗಲಿಯ ಮೇಲೆ ನಿಂತವು. ತೊಟ್ಟಿಯ ನೀರು ಹೊತ್ತು ತಂದು ಮೇಲೆ ಸುರಿಯುವುದು, ಕೆಳಗಿನದನ್ನು ಒಯ್ದು ತೊಟ್ಟಿಗೆ ಸುರಿಯುವುದು. ಭಾನುವಾರ ಸಂಜೆಯ ಹೊತ್ತಿಗೆ ಮೀನುಗಳು ಗಾಳಿಯಲ್ಲಿ ತೇಲುವಂತೆ ಕಾಣುತ್ತಿದ್ದವು. ಗಂಗಾಧರಪ್ಪ ತೊಟ್ಟಿಯ ನಾಲ್ಕೂ ಮೂಲೆಗೆ ಮೂಗಿಟ್ಟು ನೋಡಿದರು. ವಾಸನೆ ಸೊನ್ನೆ.

ಸೋಮವಾರ ಬಿಸಿಲೇರುವಷ್ಟರಲ್ಲಿ ಮಾವನವರು ಬಸ್ಸಿನ ಧೂಳು ಹೊತ್ತು ಬಂದರು. ಬಂಗಾರಮ್ಮ ಕಾಲಿಗೆ ನೀರು ಕೊಟ್ಟು, ಬೆಲ್ಲ ನೀರು ತರಲು ಒಳಗೆ ಹೋದರು. ಬೇಸಿಗೆಯಲ್ಲಿ ಜಗಲಿಯ ಮೇಲೆ ಗಡಿಗೆ ಇದ್ದರೆ ಅದು ಬಂದವರು ಕುಡಿಯಲೆಂದೇ. ಆ ಸೀಮೆಯಲ್ಲಿ ಅದನ್ನು ಯಾರೂ ಕೇಳಿ ಕುಡಿಯುವುದಿಲ್ಲ. ಗಂಗಾಧರಪ್ಪ ಹಿತ್ತಲಿನಿಂದ ಬಂದು ನೋಡಿದಾಗ ಮಾವನವರು ಎರಡನೆಯ ಚೊಂಬು ಮುಗಿಸುತ್ತಿದ್ದರು.

"ಎಂಥಾ ಸಿಹಿ ನೀರ್ರೀ ಇದು. ಯಾವ ಬಾವೀದು?"

"ಅದು... ಸೋಸಿದ್ದು, ಮಾವ."

ಈ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಅದು ಪೂರ್ತಿಯಾಗಿಯೂ ಇರಲಿಲ್ಲ.

ಮಾವನವರು ಒಳಗೆ ಬಂದು ತೊಟ್ಟಿಯತ್ತ ಒಂದು ನೋಟ ಹಾಯಿಸಿದರು. "ಇರ್ಲಿ ಬಿಡ್ರಿ. ಅವೂ ಜೀವ ಅಲ್ವಾ. ಯಾರಿಗೇನು ತ್ರಾಸು?"

ಎಂಟು ದಿನದ ಶ್ರಮ ಅರೆ ನಿಮಿಷದಲ್ಲಿ ಫಲಿಸಿತು. ಇದ್ದಿಲಿಗೂ ಮರಳಿಗೂ ಗಂಗಾಧರಪ್ಪ ಮನಸ್ಸಿನಲ್ಲೇ ಕೈ ಮುಗಿದರು. ಅಷ್ಟರಲ್ಲಿ ಮಾವನವರು ಮಗಳನ್ನು ಕೂಗಿದರು.

"ಬಂಗಾರೀ, ಪೂಜೆಗೆ ಕೂರ್ತೀನಿ. ಲಿಂಗಕ್ಕೆ ಆ ಗಡಿಗೆ ನೀರೇ ತಾ."

ಗಂಗಾಧರಪ್ಪ ಮೀನುಗಳನ್ನು ನೋಡಿದರು. ಹೊಟ್ಟೆಗೆ ಹೋದದ್ದು ಹೋಯಿತು ಎಂದು ಸುಮ್ಮನಿರಬಹುದಿತ್ತು. ಅದು ಲಿಂಗದ ಮೇಲೆ ಬೀಳುವುದನ್ನು ನೋಡುತ್ತ ನಿಲ್ಲುವುದು ಅವರಿಂದಾಗಲಿಲ್ಲ.

"ಆ ನೀರು ಬ್ಯಾಡ, ಮಾವ. ಅದು ಮೀನಿಂದು."

"ನಾನು ಕುಡಿದಿದ್ದು?"

"ಅದೂ."

"ಎಷ್ಟು ಕುಡಿದೆ?"

"ಎರಡು ಚೊಂಬು," ಎಂದರು ಗಂಗಾಧರಪ್ಪ. ಅಂಥ ಹೊತ್ತಿನಲ್ಲೂ ಅಂಕಿ ತಪ್ಪಲಿಲ್ಲ.

ಮಾವನವರು ಕೂಗಾಡಲಿಲ್ಲ. ಬಾವಿಕಟ್ಟೆಗೆ ಹೋಗಿ ಹತ್ತಿಪ್ಪತ್ತು ಸಲ ಬಾಯಿ ಮುಕ್ಕಳಿಸಿದರು, ಸ್ನಾನ ಮಾಡಿದರು, ಪೂಜೆ ಮುಗಿಸಿ ಊಟಕ್ಕೆ ಕೂತರು. ಬಸ್ಸಿಗೆ ಹೊರಟಾಗ, "ನಿನ್ನ ಗಂಡ ಸುಳ್ಳು ಹೇಳೋರಲ್ಲ ಬಂಗಾರೀ. ಸ್ವಲ್ಪ ತಡ ಮಾಡಿ ಹೇಳ್ತಾರೆ," ಎಂದರು. ಬಾಗಿಲು ದಾಟಿದ ಮೇಲೆ ತಿರುಗಿ, "ಅವನ್ನ ಕೆರೆಗೆ ಬಿಟ್ಬಿಡ್ರಿ," ಎಂದರು.

ಸಂಜೆ ಗಂಗಾಧರಪ್ಪ ಕೊಡವನ್ನು ಕೆರೆಯಲ್ಲಿ ಓರೆ ಮಾಡಿದರು. ಹತ್ತು ಮೀನು ಹಿಂದೆ ನೋಡದೆ ಹೋದವು. ಹನ್ನೊಂದನೆಯದು ಕೊಡದ ಬಾಯಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಅದು ಹೋದ ಮೇಲೂ ಅವರು ಅಲ್ಲೇ ಇದ್ದರು.

ಮನೆಯಲ್ಲಿ ಬಂಗಾರಮ್ಮ ಖಾಲಿ ತೊಟ್ಟಿಯ ಗಾಜು ಒರೆಸುತ್ತಿದ್ದರು.

"ಬಾಲದ ಹತ್ರ ಚುಕ್ಕಿ ಇದ್ದ ಮೀನು, ಅದೂ ಹೋಯ್ತಾ?"

"ಹೋಯ್ತು."

"ಅಪ್ಪಾಜಿ ಬ್ಯಾಡ ಅಂದ್ರೆ ಕೆರೆಗೆ ಅಂತ ನಿಮಗೆ ಅಂದ ಮರುದಿನವೇ ಅವರಿಗೆ ಕಾಗದ ಹಾಕಿದ್ದೆ ಕಣ್ರೀ. ಇವರಿಗೆ ಭಾಳ ಆಸೆ, ಬಂದು ನೋಡಿ ಇರ್ಲಿ ಅಂದ್ಬಿಡಿ ಅಂತ."

ಗಂಗಾಧರಪ್ಪ ಖಾಲಿ ಕೊಡವನ್ನು ಕೆಳಗಿಟ್ಟರು. "ಮತ್ತೆ ಆ ನಾತ?"

"ಅಪ್ಪಾಜಿಗೆಲ್ಲಿ ಗೊತ್ತಾಗ್ಬೇಕು? ನಶ್ಯ ಏರ್ಸಿ ಏರ್ಸಿ ಅವರ ಮೂಗು ಸತ್ತು ಹತ್ತು ವರ್ಷಾಯ್ತು. ನೀವು ಸುಮ್ನೆ ಕೂತಿದ್ರೆ ಸಾಕಿತ್ತು."

"ಇದನ್ನ ನನಗೆ ಮೊದಲೇ ಹೇಳಬಾರದಿತ್ತಾ?"

ಬಂಗಾರಮ್ಮ ಬಟ್ಟೆ ಹಿಂಡಿದರು. "ಹೇಳಿದ್ರೆ ನೀವು ಅದನ್ನೂ ಅಪ್ಪಾಜಿಗೆ ಹೇಳಿಬಿಡ್ತಿದ್ರಿ."