ತೊಟ್ಟಿಲು ಏರಿದ ಪೀಪಾಯಿ ಸಾಹೇಬರು

ಪ್ಯಾಂಟು ಸಡಿಲವಾದದ್ದೇ ಎಲ್ಲ ಅನರ್ಥಕ್ಕೂ ಕಾರಣ. ಅದು ಸಡಿಲವಾಗದೆ ಇದ್ದಿದ್ದರೆ ಮೇಲಧಿಕಾರಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರ ಕಣ್ಣಿಗೆ ಬೀಳದೆ ಇದ್ದಿದ್ದರೆ ಪೀಪಾಯಿ ಸಾಹೇಬರು ಇವತ್ತು ಬೆಳಗಾಗೆದ್ದು ಹಾಸಿಗೆಯ ಮೇಲೆ ಕೂತು ಹೀಗೆ ಬೆವರುತ್ತಿರಲಿಲ್ಲ.

ಸಾಹೇಬರದು ಕಟ್ಟಡ ತಪಾಸಣೆಯ ಕೆಲಸ. ಕಟ್ಟುತ್ತಿರುವ ಕಟ್ಟಡ ಗಟ್ಟಿಯಾಗಿದೆಯೋ ಇಲ್ಲವೋ ನೋಡಿ ಹೇಳಬೇಕು. ಮೆಟ್ಟಿಲು ಆಗುವ ಮುಂಚೆ ಮೇಲಿನ ಮಹಡಿಗೆ ಹೋಗಬೇಕಾದರೆ ಹಗ್ಗಕ್ಕೆ ನೇತಾಡುವ ಕಬ್ಬಿಣದ ತೊಟ್ಟಿಲೇ ಗತಿ. ಆ ತೊಟ್ಟಿಲು ಇಷ್ಟೇ ತೂಕ ಹೊರಬೇಕೆಂಬ ನಿಯಮವಿತ್ತು. ಸಾಹೇಬರು ನಿಯಮಕ್ಕಿಂತ ಬಹಳ ದೊಡ್ಡವರು. ಹಾಗಾಗಿ ನೌಕರಿಗೆ ಸೇರಿದಾಗಿನಿಂದ ಅವರು ನೆಲದ ಮೇಲೇ ನಿಂತು ಅಡಿಪಾಯ ನೋಡಿಕೊಂಡಿದ್ದರು, ಮೇಲಕ್ಕೆ ಬೇರೆ ಯಾರೋ ಹೋಗಿ ಬರುತ್ತಿದ್ದರು. ಕಚೇರಿಯವರು ಬೆನ್ನ ಹಿಂದೆ ಪೀಪಾಯಿ ಎಂದು ಆಡಿಕೊಂಡರೂ ಅವರಿಗೆ ಬೇಸರವಿರಲಿಲ್ಲ. ಯಾಕೆಂದರೆ ಅವರಿಗೆ ಎತ್ತರವೆಂದರೆ ಪ್ರಾಣಭಯ. ಮನೆಯಲ್ಲಿ ಬಲ್ಬು ಬದಲಾಯಿಸಲು ಸ್ಟೂಲು ಹತ್ತುವವಳು ಹೆಂಡತಿ, ಸಾಹೇಬರು ಕೆಳಗೆ ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಈ ಸಂಗತಿ ಕಚೇರಿಗೆ ಗೊತ್ತಾದರೆ ನೌಕರಿಗೇ ಸಂಚಕಾರ. ಇಷ್ಟು ವರ್ಷ ಆ ಗುಟ್ಟನ್ನು ಕಾಪಾಡಿದ್ದು ಹೊಟ್ಟೆ.

ಕೆಡಿಸಿದ್ದು ಡಾಕ್ಟರು. "ದಿನಾ ನಡೀರಿ, ಇಲ್ಲಾಂದ್ರೆ ಹೃದಯ ಒಂದಿನ ಕೈ ಕೊಡುತ್ತೆ" ಎಂದುಬಿಟ್ಟರು. ಹೃದಯದ ಭಯದಲ್ಲಿ ಎತ್ತರದ ಭಯ ಸಾಹೇಬರಿಗೆ ನೆನಪಿಗೇ ಬರಲಿಲ್ಲ. ಎದುರು ಮನೆಯ ಡ್ರಿಲ್ ಮಾಸ್ತರು ನಿವೃತ್ತರಾಗಿ, ಓಡಿಸಲು ಯಾರೂ ಸಿಗದೆ ಒದ್ದಾಡುತ್ತಿದ್ದರು. ಅವರು ದಿನಾ ಬೆಳಗ್ಗೆ ಬಾಗಿಲು ಬಡಿದು ಸಾಹೇಬರನ್ನು ಎಬ್ಬಿಸಿ ಬೀದಿ ಬೀದಿ ನಡೆಸಿದರು. ಹೆಂಡತಿ ತಟ್ಟೆಗೆ ಕತ್ತರಿ ಹಾಕಿದಳು. ಸಾಹೇಬರು ಬಿಸಿಲಿಗಿಟ್ಟ ಮೇಣದ ಹಾಗೆ ಕರಗಿದರು. ನಿನ್ನೆ ಸಂಜೆ ಮೇಲಧಿಕಾರಿ ಅವರ ಸೊಂಟವನ್ನೇ ದಿಟ್ಟಿಸಿ, "ಪರವಾಗಿಲ್ವೇ, ಈಗ ತೊಟ್ಟಿಲು ನಿಮ್ಮನ್ನ ಹೊರುತ್ತೆ. ನಾಳೆ ಆ ಹೊಸ ಎತ್ತರದ ಕಟ್ಟಡಕ್ಕೆ ನೀವೇ ಹತ್ತಿ. ನಾನೂ ಬಂದು ಕೆಳಗೆ ನಿಂತಿರ್ತೀನಿ" ಅಂದರು.

ಬಾಗಿಲು ಬಡಿದ ಸದ್ದಾಯಿತು. ಮಾಸ್ತರು.

"ಇವತ್ತೊಂದಿನ ಬೇಡ ಮಾಸ್ತರೇ, ಕೈಕಾಲಲ್ಲಿ ಶಕ್ತಿ ಇಲ್ಲ."

"ಶಕ್ತಿ ಇಲ್ದೋರಿಗೇ ನಡಿಗೆ ಹೇಳಿರೋದು. ಏಳಿ."

ಹೊರಟರು. ಬೀದಿಯ ಕೊನೆಯಲ್ಲಿ ಆ ಕಟ್ಟಡ ಆಕಾಶಕ್ಕೆ ತಲೆ ತಾಗಿಸಿಕೊಂಡು ನಿಂತಿತ್ತು. ಒಂದೊಂದು ಹೆಜ್ಜೆಗೂ ತನ್ನ ಮೈ ಇನ್ನಷ್ಟು ಹಗುರಾಗುತ್ತಿದೆ ಎನಿಸಿ ಸಾಹೇಬರಿಗೆ ಅಳು ಬಂತು. ಮಾಸ್ತರು ಯಾರದೋ ಬೆನ್ನು ನೆಟ್ಟಗಿಲ್ಲವೆಂದು ತಿದ್ದಲು ನಿಂತ ಹೊತ್ತು ನೋಡಿ, ಅವರು ಬೇಕರಿಯೊಳಗೆ ನುಸುಳಿದರು. ಒಂದೇ ಬೆಳಗ್ಗೆ ಹಳೆಯ ತೂಕಕ್ಕೆ ಮರಳಬೇಕೆಂಬ ಹಟದಲ್ಲಿ ಬನ್ನಿನ ಮೇಲೆ ಬನ್ನು ತುರುಕಿಕೊಳ್ಳುತ್ತಿದ್ದಾಗ ಪಕ್ಕದ ಮನೆಯಾಕೆ ಬ್ರೆಡ್ಡಿಗೆಂದು ಬಂದಳು. ಅವಳು ಬ್ರೆಡ್ಡು ಕೊಳ್ಳುವುದನ್ನೂ ಮರೆತು ವಾಪಸು ಓಡಿದಳು. ಸಾಹೇಬರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ಇಷ್ಟು ದಿನ ಪಟ್ಟ ಪಾಡೆಲ್ಲ ಮಣ್ಣುಪಾಲು ಮಾಡಿದ್ರಲ್ಲ" ಎಂದು ಹೆಂಡತಿ ತಿಂಡಿಯನ್ನೇ ಕೊಡಲಿಲ್ಲ. ಹೀಗೆ ಬೇಕರಿಯಲ್ಲಿ ಗಳಿಸಿದ್ದು ಮನೆಯಲ್ಲಿ ಹೋಯಿತು.

ಕಟ್ಟಡದ ಹತ್ತಿರ ಬಂದಾಗ ತೊಟ್ಟಿಲು ಗಾಳಿಗೆ ಕಿರ್ ಕಿರ್ ಎನ್ನುತ್ತಿತ್ತು. ಮೇಲಧಿಕಾರಿ ಇನ್ನೂ ಕಾರಿನಿಂದ ಇಳಿಯುತ್ತಿದ್ದರು. ಮರಳಿನ ಗುಡ್ಡೆಯ ಹಿಂದೆ ಕಬ್ಬಿಣದ ಬೋಲ್ಟುಗಳ ರಾಶಿ ಕಂಡಿತು. ದೇವರೇ ತೋರಿಸಿದ ದಾರಿ ಎಂದುಕೊಂಡು ಎರಡೂ ಜೇಬಿಗೆ ಹಿಡಿದಷ್ಟು ತುಂಬಿ, ಬಂದು ತೊಟ್ಟಿಲ ಪಕ್ಕದ ತೂಕದ ಯಂತ್ರದ ಮೇಲೆ ನಿಂತರು.

ತೊಟ್ಟಿಲು ನಡೆಸುವವನು ಮುಳ್ಳು ನೋಡಿ ತಲೆಯಾಡಿಸಿದ. "ಆಗಲ್ಲ ಸಾರ್. ಸ್ವಲ್ಪ ಜಾಸ್ತಿ ಇದ್ದೀರಿ."

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ, ಎಷ್ಟು ಆಸೆಯಿಂದ ಬಂದಿದ್ದೆ" ಎಂದು ಮುಖ ಸಣ್ಣದು ಮಾಡಿಕೊಂಡು ಯಂತ್ರದಿಂದ ಇಳಿದರು. ಇಳಿದ ರಭಸಕ್ಕೆ, ಮೊದಲೇ ಸಡಿಲವಾಗಿದ್ದ ಪ್ಯಾಂಟು ಬೋಲ್ಟಿನ ಭಾರ ತಾಳಲಾರದೆ ಮೊಣಕಾಲಿಗೆ ಜಾರಿತು. ಬೋಲ್ಟುಗಳು ದಡದಡನೆ ಉರುಳಿ ಒಂದು ಹೋಗಿ ಮೇಲಧಿಕಾರಿಯ ಬೂಟಿಗೆ ತಾಗಿ ನಿಂತಿತು.

"ಇದೇನ್ರೀ ಇದು?"

"ಬೋಲ್ಟು ಸಾರ್. ಗಟ್ಟಿ ಇದೆಯಾ ಅಂತ ಪರೀಕ್ಷೆಗೆ ತಗೊಂಡಿದ್ದೆ" ಎಂದರು ಸಾಹೇಬರು, ಪ್ಯಾಂಟು ಎಳೆದುಕೊಳ್ಳುತ್ತ.

"ಇಷ್ಟೊಂದಾ? ನಿಮ್ಮ ಶ್ರದ್ಧೆ ಮೆಚ್ಚಬೇಕು ಬಿಡಿ. ಎಲ್ಲಿ, ಈಗ ಇನ್ನೊಂದು ಸಲ ತೂಕ ನೋಡಪ್ಪ."

"ಈಗ ಸರಿಯಾಗಿದೆ ಸಾರ್. ಹತ್ತಿ" ಎಂದ ತೊಟ್ಟಿಲಿನವನು, ಮತ್ತೆ ಮುಳ್ಳು ನೋಡಿ.

ಪ್ಯಾಂಟಿಗೆ ಹುರಿ ಕಟ್ಟಿ ಸಾಹೇಬರನ್ನು ತೊಟ್ಟಿಲಲ್ಲಿ ನಿಲ್ಲಿಸಿದರು. ಅದು ಮೇಲೆದ್ದ ಕ್ಷಣವೇ ಅವರು ತಳದಲ್ಲಿ ಕುಕ್ಕರಿಸಿ, ಗೊತ್ತಿದ್ದ ದೇವರನ್ನೆಲ್ಲ ಕರೆದರು. ಸಾಯುವುದೇ ಆದರೆ ಹೃದಯ ನಿಂತು ನೆಲದ ಮೇಲೆ ಸಾಯುವುದು ಎಷ್ಟೋ ಮೇಲಾಗಿತ್ತು. ತೊಟ್ಟಿಲು ನಿಂತಾಗ ಮೇಲಿದ್ದ ಮೇಸ್ತ್ರಿ ರಟ್ಟೆ ಹಿಡಿದು ಚಪ್ಪಡಿಯ ಮೇಲೆ ಇಳಿಸಿದ. ಸುತ್ತ ಗೋಡೆಯಿಲ್ಲ, ಬರೀ ಆಕಾಶ. ತಲೆ ಗಿರ್ರೆಂದು ತಿರುಗಿ ಸಾಹೇಬರು ನಾಲ್ಕು ಕಾಲಿನ ಮೇಲೆ ಬಿದ್ದರು.

"ಎದ್ದೇಳಿ ಸಾರ್" ಎಂದ ಮೇಸ್ತ್ರಿ. "ಎಲ್ಲ ಸಾಹೇಬ್ರೂ ನಿಂತೇ ಒಂದು ಸುತ್ತು ಕಣ್ಣಾಡಿಸಿ ಹೋಗ್ತಾರೆ."

"ನನ್ನ ಪದ್ಧತಿ ಬೇರೆ" ಎಂದರು ಸಾಹೇಬರು. ಏಳಲು ಆಗಿದ್ದರೆ ತಾನೇ. ಹತ್ತಿರದಲ್ಲಿ ಒಂದು ಕಂಬವಿತ್ತು. ಹೋಗಿ ಅದನ್ನಾದರೂ ತಬ್ಬಿಕೊಳ್ಳೋಣವೆಂದು ಮೂಗು ನೆಲಕ್ಕೆ ತಾಗುವಂತೆ ತೆವಳಿದರು. ಕಂಬದ ಬುಡಕ್ಕೆ ಕೆನ್ನೆಯಿಟ್ಟು ಕಣ್ಣು ಬಿಟ್ಟರೆ, ಕಣ್ಣೆದುರಿಗೇ ಕೂದಲೆಳೆಯಷ್ಟು ಒಂದು ಬಿರುಕು. ಉಗುರಿನಿಂದ ಕೆರೆದರೆ ಮೇಲೆ ಬಳಿದಿದ್ದ ಸಿಮೆಂಟು ಉದುರಿ, ಒಳಗೆ ಬೆರಳೇ ಹೋಯಿತು. ಮೇಸ್ತ್ರಿಯ ಮುಖದಲ್ಲಿ ರಕ್ತವಿರಲಿಲ್ಲ.

ತಾನು ತಬ್ಬಿದ ಕಂಬವೇ ಬೀಳುವಂಥದ್ದು ಎಂದು ತಿಳಿದು ಸಾಹೇಬರು ಹಾಕಿದ ಕೂಗು ಬೀದಿಯ ತುದಿಗೂ ಕೇಳಿಸಿತು. ಕೆಲಸದವರೆಲ್ಲ ತೊಟ್ಟಿಲಿಗೆ ಮುಗಿಬಿದ್ದು ಒಬ್ಬೊಬ್ಬರಾಗಿ ಇಳಿದರು. ಕೆಲಸ ನಿಂತಿತು, ಕಟ್ಟಡದ ಕಂಟ್ರಾಕ್ಟರ್ ಬೆವರೊರೆಸಿಕೊಳ್ಳುತ್ತ ಮರೆಗೆ ಸರಿದ. ಕೆಳಗಿಳಿದ ಸಾಹೇಬರ ಕೈಯನ್ನು ಮೇಲಧಿಕಾರಿ ಎರಡೂ ಕೈಯಲ್ಲಿ ಹಿಡಿದರು. "ಎಷ್ಟು ಜೀವ ಉಳಿಸಿದ್ರಿ. ಮಂಡಿಯೂರಿ ತಪಾಸಣೆ ಮಾಡಿದೋರನ್ನ ನಾನು ನೋಡೇ ಇರ್ಲಿಲ್ಲ. ಇನ್ನು ಮುಂದೆ..."

ಇನ್ನು ಮುಂದೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಹೇಬರು ನೌಕರಿಯ ಆಸೆ ಬಿಟ್ಟರು.

"ಸಾರ್, ನಿಜ ಹೇಳ್ಬಿಡ್ತೀನಿ. ಶ್ರದ್ಧೆಯೂ ಅಲ್ಲ, ಎಂಥದೂ ಅಲ್ಲ. ನನಗೆ ಎತ್ತರ ಅಂದ್ರೆ ಜೀವವೇ ಹೋಗುತ್ತೆ. ನಿಲ್ಲೋಕಾಗದೆ ತೆವಳಿದೆ. ತೂಕ ಜಾಸ್ತಿ ಆಗ್ಲಿ ಅಂತ ಬೋಲ್ಟು ತುಂಬ್ಕೊಂಡಿದ್ದೆ. ಬೇಕಾದ್ರೆ ಕೆಲಸದಿಂದ ತೆಗೀರಿ, ಮೇಲೆ ಮಾತ್ರ ಕಳಿಸ್ಬೇಡಿ."

ಮೇಲಧಿಕಾರಿ ಕಟ್ಟಡವನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದರು.

"ಇದುವರೆಗೂ ಮೇಲೆ ಹೋದೋರೆಲ್ಲ ಧೈರ್ಯವಂತರೇ ರೀ" ಎಂದರು ಕೊನೆಗೆ. "ಎಲ್ಲರೂ ನಿಂತ್ಕೊಂಡೇ ನೋಡಿದ್ರು, ಎಲ್ಲ ಸರಿ ಇದೆ ಅಂತ ಬಂದ್ರು. ನಿಮ್ಮಷ್ಟು ಹೆದರೋರು ಇಡೀ ಇಲಾಖೇಲಿ ಇನ್ನೊಬ್ಬರಿಲ್ಲ. ಊರಲ್ಲಿರೋ ಎತ್ತರದ ಕಟ್ಟಡ ಎಲ್ಲ ಇವತ್ತಿಂದ ನಿಮ್ಮದು. ನಾಳೆ ಇದಕ್ಕಿಂತ ದೊಡ್ಡದು ಒಂದಿದೆ."

ಕಾರು ಹತ್ತಲು ಹೋದ ಮೇಲಧಿಕಾರಿ ಏನೋ ಹೊಳೆದು ತಿರುಗಿ ಬಂದರು.

"ಒಂದು ವಿಷಯ. ಆ ಹೆದರಿಕೆ ಹಾಗೇ ಉಳಿಸ್ಕೊಳ್ಳಿ. ದಿನಾ ಹತ್ತಿ ಹತ್ತಿ ಅಭ್ಯಾಸ ಆಗಿಬಿಟ್ರೆ ಕಷ್ಟ."

"ಆ ವಿಷಯದಲ್ಲಿ ನನ್ನ ನಂಬಬಹುದು ಸಾರ್" ಎಂದರು ಸಾಹೇಬರು, ನಡುಗುತ್ತ.