ಯಾಕೂಬಸಾಬರ ಮೇಣವಿಲ್ಲದ ಕ್ರೀಮು

ಅಳ್ನಾವರದ ಸಂತೆಯಲ್ಲಿ ನಲವತ್ತು ವರ್ಷ ಅತ್ತರು, ತಲೆಗೆ ಹಚ್ಚುವ ಎಣ್ಣೆ ಮಾರಿದ ಯಾಕೂಬಸಾಬರಿಗೆ ಎಣ್ಣೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಿದರೆ ಮೈ ಉರಿಯುತ್ತಿತ್ತು. ಹೇಳಿದವರು ಸ್ವಂತ ಹೆಂಡತಿಯಾದರಂತೂ ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದಂತೆ.

ಹೆಂಡತಿ ರಜಿಯಾಬೇಗಂ ಮಹಿಳಾ ಸಂಘದ ಮಳಿಗೆಗೆಂದು ಮುಖಕ್ಕೆ ಹಚ್ಚುವ ಕ್ರೀಮು ಮಾಡುತ್ತಿದ್ದರು. ಕುಸುಬಿ ಎಣ್ಣೆ, ನೀರು, ಮುಖ ಸುಕ್ಕಾಗದಿರಲೆಂದು ಮೀನಿನ ಚರ್ಮದಿಂದ ತೆಗೆದ ಕೊಲಾಜೆನ್ ಪುಡಿ; ಎಣ್ಣೆ, ನೀರು ಬೇರೆಯಾಗದಿರಲೆಂದು ಒಂದಿಷ್ಟು ಮೇಣ.

"ಮೇಣ ಯಾಕ? ನನ್ನ ಕೈಲೆ ಕಡದ್ರ ಎಣ್ಣಿ, ನೀರು ಗಂಡ ಹೆಂಡ್ತಿ ಇದ್ದಂಗ ಕೂಡಿ ಇರ್ತಾವ" ಎಂದರು ಸಾಹೇಬರು.

"ನಮ್ಮಂಗೇನ್ರಿ? ಹಂಗಾದ್ರ ಚಾ ಕುಡಿಯೂದ್ರಾಗ ಒಡೀತಾವ."

ಮಗಳು ಶಬೀನಾ (ಹಗಲು ಔಷಧದ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತು ಮನೆಯ ನ್ಯಾಯಾಧೀಶೆ) ತೀರ್ಪು ಕೊಟ್ಟಳು: "ಅಬ್ಬಾ, ಮೇಣಿಲ್ಲದ ನಿಮ್ಮ ಬಾಟ್ಲಿ ಗ್ವಾಡಿ ಮಾಡದಾಗ ಇಡ್ರಿ. ದಿನಾ ಕೆಲಸಕ್ಕ ಹೋಗೂ ಮುಂದ ನೋಡ್ತೀನಿ. ಹದಿನೈದು ದಿನ ಒಡೀಲಿಲ್ಲಂದ್ರ ಮಳಿಗಿಗೆ ನಿಮ್ಮ ಕ್ರೀಮ. ಒಡದ್ರ, ಸಂಘದ ಹೆಣ್ಮಕ್ಕಳ ಮುಂದ 'ನನಗಿಂತ ಬೇಗಂ ಶಾಣ್ಯಾಕಿ' ಅನ್ನಬೇಕು."

ಮರುದಿನ ನಸುಕಿನಲ್ಲಿ ನೋಡಿದರೆ ಎಣ್ಣೆ ಮೇಲೆ, ನೀರು ಕೆಳಗೆ, ಸಾಹೇಬರ ಮಾನ ನಡುವೆ ತೇಲುತ್ತಿತ್ತು. ಪಕ್ಕದಲ್ಲೇ ಬೇಗಂ ನಮಾಜಿಗೆ ನಿಂತಿದ್ದರು. ನಮಾಜಿಗೆ ನಿಂತವರು ತಿರುಗಿ ನೋಡುವಂತಿಲ್ಲ! ಮಸೀದಿಗೆ ಹೊರಟ ಸಾಹೇಬರು ಬಾಟಲಿ ಎತ್ತಿ ಗುಳುಗುಳು ಕುಲುಕಿ, ಏನೂ ಅರಿಯದವರಂತೆ ಚಪ್ಪಲಿ ಮೆಟ್ಟಿದರು. ಹೀಗೆ ಹದಿನೈದು ಮುಂಜಾವು. ಶಬೀನಾ ನೋಡುವ ಹೊತ್ತಿಗೆ ಕ್ರೀಮು ಎಮ್ಮೆಯ ಹಾಲಿನ ಕೆನೆ. (ಉಳಿದ ಹೊತ್ತು ಬಾಟಲಿಯ ಮೇಲೆ ಸಾಹೇಬರ ಟೋಪಿ, ಬೆಳಕು ತಾಗಬಾರದಂತೆ.)

ಸಾಹೇಬರು ಗೆದ್ದರು. ಬೇಗಂ ಅವರಿಂದಲೇ ನಲವತ್ತು ಬಾಟಲಿ ಕಡೆಸಿ ಮಳಿಗೆಯಲ್ಲಿ ಸಾಲಾಗಿ ಇಟ್ಟರು. ಹನ್ನೊಂದು ಗಂಟೆಗೆ ಮೊದಲ ಸಾಲಿನ ಕ್ರೀಮು ಒಡೆಯಿತು. ಸಾಹೇಬರು ಅದನ್ನು ಕುಲುಕುವಷ್ಟರಲ್ಲಿ ಎರಡನೆಯದು. ಅದನ್ನು ಹಿಡಿದರೆ ಮೂರನೆಯದು. ಅಂಗಿ ತೊಯ್ದು ಬೆನ್ನಿಗೆ ಅಂಟಿತು.

"ಬೇಗಂ, ನಿನಗ ಮೊದಲ ಗೊತ್ತಿತ್ತೇನು?"

"ನಮಾಜಿನ್ಯಾಗ ಕಣ್ಣು ತಿರಗಸಬಾರದು ಖರೆ. ಕಿವಿ ಮುಚ್ಚಿಕೋರಿ ಅಂತ ಯಾರೂ ಹೇಳಿಲ್ಲ."

"ಅವತ್ತ ಹೇಳಬೇಕಿಲ್ಲೊ?"

"ಹೇಳಬೇಕಾದವರು ನೀವು, ಶರತ್ತಿನ ಮಾತು. ಇಲ್ಲೇ ಕೂತಾರ ನೋಡ್ರಿ ಸಂಘದವರೆಲ್ಲ."

ಸಾಹೇಬರು ಇನ್ನೆರಡು ಬಾಟಲಿ ಕುಲುಕಿದರು.

ಕೊಳ್ಳಲು ಬಂದ ಅನ್ನಪೂರ್ಣಾ ಬಹಳ ಹೊತ್ತು ಅವರ ಕೈಯನ್ನೇ ನೋಡಿದಳು. "ಅಲ್ರೀ ಅಕ್ಕಾರ, ಮನೀಗೆ ಒಯ್ದಮ್ಯಾಲೆ ಇದನ್ನ ಹಿಂಗ ಕುಲುಕವರು ಯಾರು? ಬಾಟ್ಲಿ ಜೋಡಿ ಕಾಕಾನ್ನೂ ಕೊಡ್ತೀರೇನು?"

ರಜಿಯಾಬೇಗಂ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಒಯ್ರಿ ತಂಗಿ. ವಾಪಸ್ ಕಳಸೂ ಅವಸರೇನೂ ಇಲ್ಲ."