ಎರಡು ಭೂಮಿ, ಒಂದು ಮಷೀನು

ಓದಿದವನ ಕಷ್ಟವೆಂದರೆ ಪುರಾವೆಯಿಲ್ಲದೆ ಯಾವುದನ್ನೂ ನಂಬಲಾಗುವುದಿಲ್ಲ. ಪಂಚಾಂಗ, ಪತ್ರಿಕೆ, ಡಾಕ್ಟರು ಎಲ್ಲರನ್ನೂ ನಾನು ಸಂಶಯದಿಂದಲೇ ನೋಡುತ್ತೇನೆ. ಪರೀಕ್ಷಿಸದೆ ನಂಬಿದ್ದು ಒಂದೇ ಸಂಗತಿ: ಇಡೀ ಶಿಗ್ಗಾವಿಯಲ್ಲಿ ಭೂಮಿಗೆ ನನ್ನಷ್ಟು ಕಡಿಮೆ ಭಾರವಾದವನು ಇನ್ನೊಬ್ಬನಿಲ್ಲ.

ಸವಣೂರಿನ ಕಾಲೇಜೊಂದರಲ್ಲಿ ನಾನು ಪರಿಸರ ವಿಷಯದ ಮೇಷ್ಟ್ರು. ಒಂದು ದೇಶದ ಜನ ಉಣ್ಣಲು, ಉಡಲು, ಸುಡಲು ಎಷ್ಟು ನೆಲ, ಎಷ್ಟು ನೀರು ಬೇಕೆಂದು ಅಳೆದು ಅದನ್ನು ಆ ದೇಶದ ಪರಿಸರ ಹೆಜ್ಜೆಗುರುತು ಎನ್ನುತ್ತಾರೆ. ಕ್ಲಾಸಿನಲ್ಲಿ ಯಾರೂ ಕಿವಿಗೊಡದ ಈ ಪಾಠ ಮನೆಯಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿತ್ತು. ಹೆಂಡತಿ ಗಿರಿಜಾ ಬಟ್ಟೆ ಒಗೆಯುವ ಮಷೀನು ಕೇಳಿದಾಗಲೆಲ್ಲ ದೇಶವನ್ನು ಅಡ್ಡ ತರುತ್ತಿದ್ದೆ.

"ಹಂಸಭಾವ್ಯಾಗ ನಮ್ಮಕ್ಕ ಮಷೀನ್ ತಗೊಂಡು ಎರಡು ವರ್ಷ ಆತು. ದೇಶ ಇನ್ನೂ ಐತಲ್ರೀ?" ಎಂದಳು ಒಂದು ಭಾನುವಾರ, ಹಿಂಡಿ ಹಿಂಡಿ ಕೆಂಪಾದ ಅಂಗೈ ಚಾಚಿ.

ಅಂಗೈ ಪುರಾವೆಯಲ್ಲ, ಅಳತೆ ಬೇಕು ಎಂದೆ. ನಮ್ಮ ದಿನಚರಿ ತುಂಬಿದರೆ, ಎಲ್ಲರೂ ನಮ್ಮಂತೆ ಬದುಕಲು ಇಂಥ ಭೂಮಿಗಳು ಎಷ್ಟು ಬೇಕಾದಾವೆಂದು ಹೇಳುವ ಜಾಲತಾಣವಿದೆ. ಯಾರ ಅಂಕಿ ದೊಡ್ಡದೋ ಅವರು ಸೋತಂತೆ ಎಂಬ ಷರತ್ತು ಹಾಕಿದವನೂ ನಾನೇ. ಅವಳದು ಒಂದು ಭೂಮಿಯೊಳಗೇ ಮುಗಿಯಿತು. ನನ್ನ ಸರದಿಯಲ್ಲಿ, ವಾರದ ಪ್ರಯಾಣವೆಷ್ಟು ಎಂಬಲ್ಲಿ ಕಾಲೇಜಿಗೆ ಹೋಗಿಬರುವ ದೂರ ಬರೆದೆ.

"ನೀರಿನ ಮೋಟರ್ ಬಂದ್ ಮಾಡೇನೋ ಇಲ್ಲೋ ಅಂತ ಅರ್ಧ ದಾರಿಯಿಂದ ಬೈಕ್ ತಿರುಗಿಸ್ಕೊಂಡು ಬರ್ತೀರಲ್ರೀ, ಅದನ್ಯಾಕ ಬರೀಲಿಲ್ಲ?"

"ಅದು ಪ್ರಯಾಣ ಅಲ್ಲ ಗಿರಿಜಾ, ಪರಿಶೀಲನೆ."

"ಪರಿಶೀಲನಾಕ್ಕ ಪೆಟ್ರೋಲ್ ಬ್ಯಾಡೇನ್ರಿ?"

ಇಷ್ಟು ವರ್ಷಗಳಲ್ಲಿ ನಾನು ಬಂದು ನೋಡಿದಾಗ ಒಮ್ಮೆಯೂ ಮೋಟರ್ ಚಾಲೂ ಇರಲಿಲ್ಲ ಎಂಬುದು ನಿಜ. ಆದರೆ ಇವತ್ತೂ ಇರಲಿಕ್ಕಿಲ್ಲ ಎಂದು ಯಾವ ತರ್ಕಶಾಸ್ತ್ರವೂ ಭರವಸೆ ಕೊಡುವುದಿಲ್ಲ.

"ವಾರಕ್ಕೊಮ್ಮೆ ಬಂದಿರಬೇಕಷ್ಟ," ಎಂದೆ.

"ನಿನ್ನೆ ಒಂದ ದಿನ ಎರಡು ಸಲ ಬಂದ್ರಿ. ಎರಡನೇ ಸಲ ಯಾಕಂದ್ರ, ಮೊದಲನೇ ಸಲ ನೋಡಿದ್ದ ನೆನಪಿಲ್ಲ ಅಂತ!"

ಬರೆದೆ. ನನಗೆ ಎರಡು ಭೂಮಿಯೂ ಸಾಲದೆಂದು ಬಂತು.

"ನೀವು ಎರಡು ಭೂಮಿ ಕೇಳಾಕತ್ತೀರಿ. ನಾ ಒಂದು ಮಷೀನ್ ಕೇಳಾಕತ್ತೇನಿ," ಎಂದಳು ಗಿರಿಜಾ.

ಮಷೀನು ಬಂತು. ಈಗ ಅವಳ ಅಪ್ಪಣೆಯಂತೆ ಅರ್ಧ ದಾರಿಯಲ್ಲಿ ನಿಂತು ಫೋನ್ ಮಾಡುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ "ಬಂದ್ ಐತಿ, ಹೋಗ್ರಿ" ಎನ್ನುತ್ತಾಳೆ. ಎದ್ದು ಹೋಗಿ ನೋಡದೆಯೇ ಹಾಗೆನ್ನುತ್ತಾಳೆಂದು ನನ್ನ ಸಂಶಯ. ಅದನ್ನು ಖಚಿತಪಡಿಸಿಕೊಳ್ಳಲು ಒಂದೇ ಒಂದು ಸಲ ತಿರುಗಿ ಬಂದಿದ್ದೆ. ಒಂದೇ ಸಲ ಎಂದು ನನ್ನ ನೆನಪು.